ಎದೆ ಮತ್ತು ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಎಪಿಡ್ಯೂರಲ್ ನೋವುಶಮನ: ಅರಿವಳಿಕೆ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಬದಿಯಡ್ಕದ ಸದಸ್ಯೆ): ನಮಸ್ಕಾರ ಡಾಕ್ಟರೇ. ನನ್ನ ತಂದೆಯವರಿಗೆ 68 ವರ್ಷ. ಅನ್ನನಾಳದ ಕೆಳಭಾಗದ ಕ್ಯಾನ್ಸರಿಗಾಗಿ ಮುಂದಿನ ತಿಂಗಳು ಮಂಗಳೂರಿನಲ್ಲಿ ಎದೆ, ಹೊಟ್ಟೆ ಎರಡನ್ನೂ ತೆರೆದು ಶಸ್ತ್ರಚಿಕಿತ್ಸೆ ಮಾಡುವುದೆಂದು ನಿಶ್ಚಯವಾಗಿದೆ. ಅನಂತರದ ನೋವಿಗೆ ಬೆನ್ನಿನಲ್ಲಿ ಸಪೂರ ನಳಿಗೆಯೊಂದನ್ನು ಇಡುತ್ತೇವೆ ಎಂದು ಅಲ್ಲಿನ ವೈದ್ಯರು ಹೇಳಿದ್ದಾರೆ. ಅಪ್ಪ ಬಹುಕಾಲ ಬೀಡಿ ಸೇದಿದವರು. ಹೃದಯಕ್ಕೆ ಸ್ಟೆಂಟ್ ಹಾಕಿರುವುದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದಾರೆ. ‘ನೋವಿಗೆ ಕೈಗೇ ಇಂಜೆಕ್ಷನ್ ಕೊಡಬಹುದಲ್ಲ, ಬೆನ್ನಿಗೆ ಸೂಜಿ ಏಕೆ?’ ಎಂದು ಕೇಳುತ್ತಿದ್ದಾರೆ. ಏನು ಹೇಳಲಿ?

ಉತ್ತರ: ತಂದೆಯವರ ಪ್ರಶ್ನೆ ನ್ಯಾಯವಾದದ್ದೇ. ಕೈಯ ರಕ್ತನಾಳದ ಮೂಲಕ ಮಾರ್ಫಿನ್‌ನಂತಹ ಔಷಧಿ ಕೊಟ್ಟರೆ ಮಲಗಿರುವಾಗಿನ ನೋವು ಸಾಕಷ್ಟು ತಗ್ಗುತ್ತದೆ. ಆದರೆ ಎದೆಯ ಮತ್ತು ಮೇಲ್ಹೊಟ್ಟೆಯ ಗಾಯ ಪ್ರತಿ ಉಸಿರಿಗೂ ಎಳೆಯುತ್ತದೆ. ನೋವಿಗೆ ಹೆದರಿ ರೋಗಿಯು ಉಸಿರನ್ನು ಅರ್ಧಕ್ಕೇ ನಿಲ್ಲಿಸಿ, ಕೆಮ್ಮನ್ನು ಅದುಮಿಟ್ಟುಕೊಂಡರೆ ಕಫ ಕೆಳಗೇ ಉಳಿದು, ಶ್ವಾಸಕೋಶದ ಬುಡದ ಭಾಗಗಳು ಮುದುಡಿ, ಅಲ್ಲಿಂದ ನ್ಯುಮೋನಿಯಾ ಆರಂಭವಾಗಬಹುದು. ಬೀಡಿ ಸೇದಿದವರ ಶ್ವಾಸಕೋಶಕ್ಕೆ ಈ ಅಪಾಯ ಇನ್ನೂ ಹೆಚ್ಚು. ಮಾರ್ಫಿನ್ ಪ್ರಮಾಣವನ್ನು ಏರಿಸುತ್ತಾ ಹೋದರೆ ಮಂಪರು ಬಂದು ಉಸಿರು ಇನ್ನಷ್ಟು ನಿಧಾನವಾಗುತ್ತದೆ, ಕರುಳಿನ ಚಲನೆಯೂ ಕುಂದುತ್ತದೆ. ಆದ್ದರಿಂದ ತಂದೆಯವರಿಗೆ ಹೀಗೆ ಹೇಳಿ: ಆ ನಳಿಗೆ ಇಡುವುದು ಅವರು ಸುಮ್ಮನೆ ಮಲಗಿರಲಿ ಎಂದಲ್ಲ, ಗಟ್ಟಿಯಾಗಿ ಕೆಮ್ಮಿ, ಎದ್ದು ಕುಳಿತು, ಬೇಗ ನಾಲ್ಕು ಹೆಜ್ಜೆ ನಡೆಯಲಿ ಎಂದು.

ಸೂಜಿಯು ಬೆನ್ನುಹುರಿಯೊಳಗೆ ಹೋಗುವುದಿಲ್ಲ. ಬೆನ್ನುಹುರಿಯನ್ನು ಸುತ್ತುವರಿದ ಪೊರೆಯ ಹೊರಗಿನ ಕಿರಿದಾದ ಎಡೆಯಲ್ಲಿಯೇ ಅದು ನಿಲ್ಲಬೇಕು. ಆ ಎಡೆಗೇ ಎಪಿಡ್ಯೂರಲ್ ಎಂಬ ಹೆಸರು. ಸ್ಪೇನಿನ ಸೇನಾ ಶಸ್ತ್ರವೈದ್ಯ ಫಿಡೆಲ್ ಪಾಜೆಸ್ ಈ ವಿಧಾನವನ್ನು ಸೊಂಟದ ಭಾಗದಲ್ಲಿ ಬಳಸಿ 1921ರಲ್ಲಿ ವಿವರಿಸಿದರು. ಈಗ ಎದೆಯ ಶಸ್ತ್ರಚಿಕಿತ್ಸೆಗೆ ಬೆನ್ನಿನ ನಡುಭಾಗದಲ್ಲಿ, ಸಾಮಾನ್ಯವಾಗಿ ರೋಗಿಗೆ ಎಚ್ಚರವಿರುವಾಗಲೇ, ಚರ್ಮವನ್ನು ಮರಗಟ್ಟಿಸಿ ನಳಿಗೆಯನ್ನು ಇಡುತ್ತಾರೆ. ಎಚ್ಚರವಿರುವ ರೋಗಿಯು ಕಾಲಿಗೆ ಅಥವಾ ಪಕ್ಕೆಗೆ ಮಿಂಚು ಹೊಡೆದಂತಾಯಿತು ಎಂದು ತಕ್ಷಣ ಹೇಳಬಲ್ಲರು, ಅದು ನಮಗೆ ಬಹಳ ಮುಖ್ಯ. ಬಳಿಕ ನರಗಳನ್ನು ಮರಗಟ್ಟಿಸುವ ಬ್ಯುಪಿವಕೇನ್ ಅಥವಾ ರೋಪಿವಕೇನ್ ಔಷಧಿಯ ತೆಳುವಾದ ದ್ರಾವಣವನ್ನು, ಹೆಚ್ಚಾಗಿ ಮಾರ್ಫಿನ್ ವರ್ಗದ ಫೆಂಟನಿಲ್ ಸ್ವಲ್ಪ ಬೆರೆಸಿ, ಪಂಪಿನಿಂದ ಗಂಟೆಗೆ ಕೆಲವು ಮಿಲಿಲೀಟರಿನಂತೆ 3 ರಿಂದ 5 ದಿನ ಹರಿಸುತ್ತಾರೆ.

ಲಾಭವನ್ನು ಹಿಗ್ಗಿಸಿ ಹೇಳಲಾರೆ. ಆಸ್ಟ್ರೇಲಿಯಾದವರ ಮುಂದಾಳತ್ವದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಮಾಸ್ಟರ್ ಎಂಬ ಅಧ್ಯಯನದಲ್ಲಿ, ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ 900ಕ್ಕೂ ಹೆಚ್ಚು ಮಂದಿ ಅಪಾಯದಂಚಿನ ರೋಗಿಗಳ ಪೈಕಿ ಉಸಿರಾಟದ ವೈಫಲ್ಯವು ಎಪಿಡ್ಯೂರಲ್ ಪಡೆದವರಲ್ಲಿ ಶೇಕಡಾ 23ರಷ್ಟು, ಪಡೆಯದವರಲ್ಲಿ ಶೇಕಡಾ 30ರಷ್ಟು ಕಂಡುಬಂತು. ಸಾವಿನ ಪ್ರಮಾಣದಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೆಲವೊಮ್ಮೆ ನಳಿಗೆ ಜಾರಿ ಅಥವಾ ಒಂದೇ ಪಕ್ಕಕ್ಕೆ ಔಷಧಿ ಹರಡಿ ಪ್ರಯೋಜನವಾಗದಿರುವುದೂ ಉಂಟು.

ಇನ್ನು ಮಾತ್ರೆಗಳ ವಿಚಾರ. ಆಸ್ಪಿರಿನ್ ಒಂದೇ ಆಗಿದ್ದರೆ ಅದು ಸಾಮಾನ್ಯವಾಗಿ ಎಪಿಡ್ಯೂರಲ್‌ಗೆ ಅಡ್ಡಿಯಲ್ಲ. ಕ್ಲೋಪಿಡೊಗ್ರೆಲ್ ಮಾತ್ರ ಹಾಗಲ್ಲ. ಅದನ್ನು 5 ರಿಂದ 7 ದಿನ ಮೊದಲೇ ನಿಲ್ಲಿಸದೆ ಬೆನ್ನಿಗೆ ಸೂಜಿ ಹಾಕಿದರೆ ಒಳಗೆ ರಕ್ತ ಸೋರಿ, ಅಲ್ಲಿಯೇ ಗಡ್ಡೆಯಾಗಿ ನಿಂತು ಬೆನ್ನುಹುರಿಯನ್ನು ಒತ್ತುವ ಭಯವಿದೆ. ಆದರೆ ದಯವಿಟ್ಟು ನೀವಾಗಿಯೇ ಒಂದು ದಿನವೂ ನಿಲ್ಲಿಸಬೇಡಿ. ಸ್ಟೆಂಟ್ ಮುಚ್ಚಿಕೊಂಡರೆ ಅದು ಜೀವಕ್ಕೇ ಕುತ್ತು. ಸ್ಟೆಂಟ್ ಹಾಕಿದ ದಿನಾಂಕವಿರುವ ಕಾಗದವನ್ನು ಹಿಡಿದುಕೊಂಡು ಈ ವಾರವೇ ಹೃದ್ರೋಗ ತಜ್ಞರನ್ನೂ ಅರಿವಳಿಕೆ ತಜ್ಞರನ್ನೂ ಕಾಣಿರಿ. ಅವರಿಬ್ಬರೂ ಮಾತಾಡಿಕೊಂಡು ತೀರ್ಮಾನಿಸಬೇಕು. ಬೀಡಿಯನ್ನು ಇನ್ನೂ ಬಿಟ್ಟಿಲ್ಲವಾದರೆ ಇಂದೇ ಬಿಡಿಸಿರಿ.

ಪ್ರಶ್ನೆ (ಕುಂಬಳೆಯ ಸದಸ್ಯರು): ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವನಪೂರ್ತಿ ಬೆನ್ನುನೋವು ತಪ್ಪದು ಎಂದು ಹೆರಿಗೆಯಾದ ಹೆಂಗಸರು ಹೇಳುತ್ತಾರಲ್ಲ?

ಉತ್ತರ: ಸೂಜಿ ಹಾಕಿದ ಜಾಗ ಕೆಲವು ದಿನ ಮುಟ್ಟಿದರೆ ನೋಯಬಹುದು. ದೀರ್ಘಕಾಲದ ಬೆನ್ನುನೋವಿಗೆ ಅದೇ ಕಾರಣವೆಂಬುದನ್ನು ಅಧ್ಯಯನಗಳು ಒಪ್ಪುವುದಿಲ್ಲ. ಬಸಿರು, ಮಗುವನ್ನು ಎತ್ತುವುದು, ಬಗ್ಗಿ ಮಾಡುವ ಕೆಲಸ ಇವೆಲ್ಲ ಸೇರಿ ಬರುವ ನೋವದು.

ಪ್ರಶ್ನೆ (ಮುಳ್ಳೇರಿಯದ ಸದಸ್ಯೆ): ನಮ್ಮ ಅಮ್ಮನಿಗೆ ಕಣ್ಣೂರು ಕಡೆಯ ಆಸ್ಪತ್ರೆಯಲ್ಲಿ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆ ಇದೆ, ಇದೇ ನಳಿಗೆಯನ್ನು ಇಡುತ್ತಾರಂತೆ. ಅಮ್ಮನಿಗೆ ಕನ್ನಡ, ತುಳು ಬಿಟ್ಟರೆ ಮಲಯಾಳ ಅಷ್ಟಾಗಿ ಬಾರದು. ರಾತ್ರಿ ಪಕ್ಕದಲ್ಲಿರುವ ನಾನು ಏನನ್ನು ಗಮನಿಸಬೇಕು?

ಉತ್ತರ: ನೀವು ಪಕ್ಕದಲ್ಲಿರುವುದೇ ಅಮ್ಮನಿಗೆ ದೊಡ್ಡ ಆಸರೆ. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಕೇಳುತ್ತಾರೆ. ಬೆರಳು ಮಡಚಿ ತೋರಿಸುವುದನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿಸಿರಿ. ಮಲಗಿದ್ದಾಗ ಎಷ್ಟು ಎಂಬುದನ್ನಷ್ಟೇ ಹೇಳಿದರೆ ಸಾಲದು, ಕೆಮ್ಮಿದಾಗ ಎಷ್ಟು ಎಂಬುದನ್ನೂ ದಾದಿಯರಿಗೆ ತಿಳಿಸಬೇಕು. ಅಮ್ಮ ‘ಅಡ್ಡಿಯಿಲ್ಲ’ ಎಂದು ಹೇಳಿ ಕೆಮ್ಮದೆ ಮಲಗಿದ್ದರೆ ಅದನ್ನು ನೋವು ಶಮನವಾದ ಲಕ್ಷಣವೆಂದು ನಂಬಬೇಡಿ.

ಎಲ್ಲಕ್ಕಿಂತ ಮುಖ್ಯವಾದುದು ಕಾಲುಗಳು. ಬೆನ್ನಿನ ನಡುಭಾಗದ ಎಪಿಡ್ಯೂರಲ್‌ನಲ್ಲಿ ಕಾಲಿನ ಬಲ ಬಹುಮಟ್ಟಿಗೆ ಉಳಿದಿರಬೇಕು. ಹಾಗಾಗಿ ಎಚ್ಚರವಿದ್ದಾಗಲೆಲ್ಲ ಎರಡೂ ಕಾಲುಗಳನ್ನು ನೆಟ್ಟಗೆ ಎತ್ತಲು ಹೇಳಿ. ಮೊದಲು ಎತ್ತುತ್ತಿದ್ದ ಕಾಲು ಏಳದಿದ್ದರೆ, ಮರಗಟ್ಟುವಿಕೆ ಏರುತ್ತಿದ್ದರೆ, ಹೊಸದಾಗಿ ಬೆನ್ನಿನಲ್ಲಿ ತೀವ್ರ ನೋವು ಬಂದರೆ, ಬೆಳಗಾಗಲಿ ಎಂದು ಕಾಯಬೇಡಿ, ಸಂಕೋಚಪಡಬೇಡಿ, ಅರಿವಳಿಕೆ ವೈದ್ಯರನ್ನೇ ಕರೆಯಿಸಿ. ಅವರು ಪಂಪನ್ನು ನಿಲ್ಲಿಸಿ ನೋಡುತ್ತಾರೆ. ಸುಮಾರು 4 ಗಂಟೆಯೊಳಗೆ ಬಲ ಮರಳದಿದ್ದರೆ ತುರ್ತಾಗಿ ಎಂಆರ್‌ಐ ಮಾಡಬೇಕಾಗುತ್ತದೆ. ಬೆನ್ನುಹುರಿಯನ್ನು ಒತ್ತುತ್ತಿರುವ ಹೆಪ್ಪುಗಟ್ಟಿದ ರಕ್ತ ಕಂಡುಬಂದು, ಅದನ್ನು 8 ರಿಂದ 12 ಗಂಟೆಯೊಳಗೆ ತೆಗೆದರೆ ಕಾಲು ಉಳಿಯುವ ಸಾಧ್ಯತೆ ಹೆಚ್ಚು. ಇದು ಬಹಳ ಅಪರೂಪ: ಬ್ರಿಟನ್ನಿನಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಶಸ್ತ್ರಚಿಕಿತ್ಸೆಗೆಂದು ಹಾಕಿದ ಎಪಿಡ್ಯೂರಲ್‌ನಿಂದ ಶಾಶ್ವತ ಹಾನಿಯಾದದ್ದು ಲಕ್ಷಕ್ಕೆ ಸುಮಾರು 8 ರಿಂದ 17 ಮಂದಿಗೆ. ಆದರೂ ಆ ಕೆಲವರ ಪಾಲಿಗೆ ಹೊತ್ತಿಗೆ ಸರಿಯಾಗಿ ಕರೆದವರೇ ಕಾಲನ್ನು ಉಳಿಸಿಕೊಟ್ಟವರು, ಅದಕ್ಕಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ರಕ್ತದೊತ್ತಡ ಇಳಿದು ತಲೆ ತಿರುಗಬಹುದು, ಮೈ ತುರಿಸಬಹುದು, ಇವಕ್ಕೆ ಔಷಧಿಯಿದೆ. ಮೊದಲ ಸಲ ಏಳುವಾಗ ಒಬ್ಬರೇ ಎಬ್ಬಿಸಬೇಡಿ. ನಳಿಗೆಯನ್ನು ತೆಗೆಯುವಾಗಲೂ, ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಹೆಪಾರಿನ್ ವರ್ಗದ ಇಂಜೆಕ್ಷನ್ ಕೊಟ್ಟ ಸಮಯವನ್ನು ನೋಡಲೇಬೇಕು. ಆ ವರ್ಗದ, ದಿನಕ್ಕೊಮ್ಮೆಯ ಎನಾಕ್ಸಾಪರಿನ್ ಆಗಿದ್ದರೆ 12 ಗಂಟೆ ಕಳೆದ ಮೇಲೆ ತೆಗೆದು, ಮುಂದಿನದನ್ನು ಕನಿಷ್ಠ 4 ಗಂಟೆ ಬಿಟ್ಟು ಕೊಡುವುದು ರೂಢಿ.

ಪ್ರಶ್ನೆ (ಬದಿಯಡ್ಕದ ಸದಸ್ಯೆ): ಧನ್ಯವಾದ ಡಾಕ್ಟರೇ. ಕ್ಲೋಪಿಡೊಗ್ರೆಲ್ ನಿಲ್ಲಿಸಲಾಗದು ಎಂದು ಹೃದಯದ ವೈದ್ಯರು ಹೇಳಿದರೆ?

ಉತ್ತರ: ಆಗ ಎಪಿಡ್ಯೂರಲ್ ಬೇಡ. ಶಸ್ತ್ರಚಿಕಿತ್ಸೆಯನ್ನೇ ಮುಂದೂಡಬೇಕೇ ಎಂಬುದನ್ನೂ ಆಗ ಶಸ್ತ್ರವೈದ್ಯರು ಯೋಚಿಸಬೇಕಾಗುತ್ತದೆ. ಮಾಡಲೇಬೇಕೆಂದಾದರೆ ಬೆನ್ನಿನ ಮೇಲ್ಪದರದ ಸ್ನಾಯುಗಳ ಅಡಿಗೆ ಔಷಧಿ ಹರಿಸಿ ನರಗಳನ್ನು ಮರಗಟ್ಟಿಸುವ ‘ಬ್ಲಾಕ್’, ರೋಗಿಯೇ ಗುಂಡಿ ಒತ್ತಿ ಪಡೆಯುವ ಮಾರ್ಫಿನ್ ಪಂಪ್, ಹೊತ್ತುಹೊತ್ತಿಗೆ ಪ್ಯಾರಸಿಟಮಾಲ್, ಇವನ್ನು ಕೂಡಿಸಿ ಕೊಡುತ್ತಾರೆ. ಹೃದ್ರೋಗ ತಜ್ಞರ ಅಭಿಪ್ರಾಯವನ್ನು ಬರೆಸಿಕೊಂಡೇ ಬನ್ನಿ. ಬಾಯಿಮಾತಿನಲ್ಲಿ ತಂದರೆ ಶಸ್ತ್ರಚಿಕಿತ್ಸೆಯ ಮುನ್ನಾದಿನ ಮತ್ತೆ ಗೊಂದಲವಾಗುತ್ತದೆ.