‘ನೈಸ್’ ಅಂದರೆ ಹಿಂದೆ ‘ದಡ್ಡ’ ಅಂತಿತ್ತಾ?

ಪ್ರಶ್ನೆ:
ಅನುವಾದಕ್ಕೆ ಅಂತ ಒಂದು ಹಳೆಯ ಇಂಗ್ಲಿಷ್ ತೀರ್ಪು ಓದುತ್ತಿದ್ದೇನೆ. ಅದರಲ್ಲಿ ‘ಎ ನೈಸ್ ಡಿಸ್ಟಿಂಕ್ಷನ್’ ಅಂತಿದೆ. ‘ಒಳ್ಳೆಯ ವ್ಯತ್ಯಾಸ’ ಅಂತ ಬರೆದರೆ ಅರ್ಥವೇ ಕೂಡುವುದಿಲ್ಲ. ನ್ಯಾಯಾಧೀಶರು ಅಲ್ಲಿ ಯಾರನ್ನೂ ಹೊಗಳುತ್ತಿಲ್ಲ, ವಕೀಲರ ವಾದವನ್ನು ತಳ್ಳಿಹಾಕುತ್ತಿದ್ದಾರೆ. ನಿಘಂಟು ತೆಗೆದರೆ ಹಳೆಯ ಅರ್ಥ ‘ದಡ್ಡ’ ಅಂತಲೂ ಇದೆ! ಇದೇನು ಕಥೆ?

ಉತ್ತರ 1:
‘ತೀರಾ ಸೂಕ್ಷ್ಮವಾದ ವ್ಯತ್ಯಾಸ’ ಅಂತ ಹಾಕಿ, ಸಾಕು.

ಉತ್ತರ 2:
ಬೇರು ‘ದಡ್ಡ’ನೇ. ಲ್ಯಾಟಿನ್‌ನಲ್ಲಿ ‘ಸ್ಕೀರೆ’ ಅಂದರೆ ತಿಳಿಯುವುದು. ಮುಂದೆ ‘ನೆ’ ಸೇರಿದರೆ ಇಲ್ಲ ಅಂತ. ಹಾಗೆ ಆದದ್ದು ‘ನೆಸ್ಕಿಯುಸ್’, ಏನೂ ತಿಳಿಯದವನು. ಅದು ಹಳೆಯ ಫ್ರೆಂಚ್‌ನ ಬಾಯಲ್ಲಿ ಸವೆದು, ಸುಮಾರು 1300ರ ಹೊತ್ತಿಗೆ ಇಂಗ್ಲಿಷ್‌ಗೆ ಬಂತು. ತಮಾಷೆ ಅಂದರೆ ‘ಸೈನ್ಸ್’ ಹುಟ್ಟಿದ್ದೂ ಅದೇ ‘ಸ್ಕೀರೆ’ಯಿಂದ!

ಆಮೇಲೆ ಅರ್ಥ ಜಾರುತ್ತಾ ಹೋಯಿತು. ದಡ್ಡ, ಅತಿ ನಾಚಿಕೆಯವನು, ಎಲ್ಲದಕ್ಕೂ ಮೂಗು ಮುರಿಯುವವನು. ಮೂಗು ಮುರಿಯುವವನ ಕಣ್ಣಿಗೆ ಸಣ್ಣ ಕೊರತೆಯೂ ಬೀಳುತ್ತದೆ ಅಲ್ವಾ? ಹಾಗಾಗಿ 16ನೇ ಶತಮಾನದಲ್ಲಿ ‘ಸೂಕ್ಷ್ಮ, ಕರಾರುವಾಕ್ಕು’ ಅನ್ನುವ ಅರ್ಥವೂ ಬಂತು. ನಿಮ್ಮ ನ್ಯಾಯಾಧೀಶರು ಬಳಸಿರುವುದು ಇದನ್ನೇ. ‘ನೈಸಿಟಿ’ ಅನ್ನುವ ಪದದಲ್ಲಿ ಇವತ್ತಿಗೂ ಈ ಅರ್ಥ ಉಳಿದಿದೆ. ‘ಚೆನ್ನಾಗಿದೆ’ ಅನ್ನುವ ಅರ್ಥ ನೆಲೆಯಾಗಿದ್ದು 18ನೇ ಶತಮಾನದ ಎರಡನೇ ಅರ್ಧದಲ್ಲಿ. ನನ್ನ ಕೇಳಿದರೆ ಪದ ಸಪ್ಪೆಯಾಗಿದ್ದೂ ಆವಾಗಲೇ. ಹವೆಯೂ ನೈಸ್, ಮನುಷ್ಯನೂ ನೈಸ್, ಫೋಟೋನೂ ನೈಸ್.

ಉತ್ತರ 3:
ಈ ದೂರು ಹೊಸದೇನಲ್ಲ. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್ ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ ಬಂದ ಅವರ ‘ನಾರ್ಥ್ಯಾಂಗರ್ ಆಬಿ’ ಕಾದಂಬರಿಯಲ್ಲಿ ನಾಯಕ ಹೆನ್ರಿ ಟಿಲ್ನಿ ಇದೇ ಪದ ಹಿಡಿದು ನಾಯಕಿ ಕ್ಯಾಥರೀನ್‌ಳನ್ನು ಕಾಡಿಸುತ್ತಾನೆ. ಮೊದಮೊದಲು ಇದು ಅಚ್ಚುಕಟ್ಟು, ನಾಜೂಕಿಗೆ ಮಾತ್ರ ಇದ್ದಿರಬೇಕು, ಈಗ ಯಾವ ಹೊಗಳಿಕೆಗೂ ಇದೇ ಆಗಿದೆ ಅನ್ನುವುದು ಅವನ ತಕರಾರು. ಪಾಪ, ಅವನಿಗೂ ‘ದಡ್ಡ’ನ ಸುದ್ದಿ ಗೊತ್ತಿರಲಿಲ್ಲ. ಇನ್ನು ಕನ್ನಡದಲ್ಲಿ ‘ನೈಸಾಗಿ ಮಾತಾಡಿ ಕೆಲಸ ಮಾಡಿಸ್ಕೊಂಡ’ ಅಂದರೆ ಹೊಗಳಿಕೆಗಿಂತ ಗುಮಾನಿಯೇ ಜಾಸ್ತಿ!

ಪ್ರಶ್ನೆ ಕೇಳಿದವರು:
‘ತೀರಾ ಸೂಕ್ಷ್ಮವಾದ’ ಸರಿಯಾಗಿ ಕೂತಿತು. ಮುಂದಿನ ಪುಟದಲ್ಲಿ ‘ನೈಸ್ ಪಾಯಿಂಟ್ ಆಫ್ ಲಾ’ ಅಂತ ಬೇರೆ ಇದೆ. ಅದಕ್ಕೂ ಇದೇನಾ?

ಉತ್ತರ 2:
ಅದೇ. ಆದರೆ ಅಲ್ಲಿ ‘ಬಿಡಿಸಲು ಕಷ್ಟವಾದ’ ಅನ್ನುವ ಛಾಯೆಯೂ ಇರುತ್ತದೆ. ‘ಕಾನೂನಿನ ಜಟಿಲ ಪ್ರಶ್ನೆ’ ಅಂದರೆ ನಡೆಯುತ್ತದೆ.