38ಕ್ಕೆ ಅಕೌಂಟ್ಸ್ ಬಿಟ್ಟು ಸ್ಪೀಚ್ ಥೆರಪಿ ಓದೋಕೆ ಹೋಗ್ಬೋದಾ? ಕೆಲಸ ಮಾಡ್ತಾ ಓದಿದವರು ದಯವಿಟ್ಟು ಹೇಳಿ

ಲೆಕ್ಕದಪುಸ್ತಕ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ. ನಂಗೀಗ 38. ಹದಿನಾಲ್ಕು ವರ್ಷದಿಂದ ಅಕೌಂಟ್ಸಲ್ಲಿ ಇದೀನಿ. ಕೆಲಸ ಕೆಟ್ಟದೇನಲ್ಲ, ಸಂಬಳ ಸರಿಯಾಗಿ ಬರತ್ತೆ, ಜೊತೆಯವರೂ ಒಳ್ಳೆಯವರೇ, ಹಾಗಾಗಿ ಬೇಜಾರಾಗಿ ಓಡಿ ಹೋಗ್ತಿರೋ ಕೇಸ್ ಅಲ್ಲ ಇದು.

ಎರಡು ವರ್ಷದ ಹಿಂದೆ ಅಪ್ಪಂಗೆ ಸ್ಟ್ರೋಕ್ ಆಯ್ತು, ಮೆದುಳಿನ ಎಡಭಾಗದಲ್ಲಿ. ಬಲಗೈ ಅರ್ಧಂಬರ್ಧ ವಾಪಸ್ ಬಂತು, ಮಾತು ಬರ್ಲಿಲ್ಲ. ನಾವು ಹೇಳೋದು ಹೆಚ್ಚುಕಮ್ಮಿ ಎಲ್ಲಾ ಅರ್ಥ ಆಗತ್ತೆ, ಆದ್ರೆ ಬಾಯಿಗೆ ಪದ ಬರಲ್ಲ, ಒಂದೊಂದು ಪದಕ್ಕೂ ಹಣೆ ಬೆವರತ್ತೆ. ಬ್ರೋಕಾ ಅಫೇಸಿಯಾ ಅಂದ್ರು. ವಾರಕ್ಕೆ ಎರಡು ಸಲ ಥೆರಪಿಗೆ ಕರ್ಕೊಂಡು ಹೋಗಿ ಪಕ್ಕದಲ್ಲಿ ಕೂತಿರ್ತಿದ್ದದ್ದು ನಾನೇ. ಒಂದಿನ ಥೆರಪಿಸ್ಟ್ ಅಪ್ಪಂಗೆ ಗೊತ್ತಿರೋ ಒಂದು ಹಳೇ ಹಾಡನ್ನ ಸುಮ್ನೆ ಗುನುಗಿದ್ರು ಅಷ್ಟೇ, ನನ್ನ ಹೆಸರು ಹೇಳೋಕೂ ಆಗದ ಮನುಷ್ಯ ಎರಡು ಸಾಲು ಪದಗಳ ಸಮೇತ ಹಾಡಿಬಿಟ್ರು. ನಾನು ಕೂತಲ್ಲೇ ಅತ್ತುಬಿಟ್ಟೆ. ಅವತ್ತು ರಾತ್ರಿ ಮನೆಗೆ ಬಂದು ಓದೋಕೆ ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ. 1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ "ಟಾನ್" ಅಂತ ಒಂದೇ ಶಬ್ದ ಹೇಳ್ತಿದ್ದ ರೋಗಿಯ ಮೆದುಳು ನೋಡಿ ಮಾತಿನ ಜಾಗ ಗುರುತಿಸಿದ್ದು, ಹಾಡಿನ ಧಾಟಿ ಇಟ್ಕೊಂಡೇ ಮಾತು ವಾಪಸ್ ತರೋ ಥೆರಪಿ 1970ರ ದಶಕದಲ್ಲಿ ಬಂದಿದ್ದು, ಇದೆಲ್ಲಾ ಬಾಯಿಪಾಠ ಆಗೋಗಿದೆ.

ಈಗ ಇದನ್ನೇ ಓದಿ ಇದೇ ಕೆಲಸ ಮಾಡ್ಬೇಕು ಅನ್ನೋ ಆಸೆ. ಆದ್ರೆ ನಾಲ್ಕೈದು ವರ್ಷ ಬೇಕು, ಮುಗಿಯೋ ಹೊತ್ತಿಗೆ 43. ಮಕ್ಕಳಿಬ್ರು ಸ್ಕೂಲಲ್ಲಿದಾರೆ, ಕೆಲಸ ಬಿಡೋಕಾಗಲ್ಲ, ಅಂದ್ರೆ ಸಂಜೆ ಮತ್ತೆ ವೀಕೆಂಡ್ ಓದ್ಬೇಕು. ಕೊನೇ ಪರೀಕ್ಷೆ ಬರೆದು ಹದಿನೈದು ವರ್ಷದ ಮೇಲಾಯ್ತು, ಈಗ ಒಂದು ಪುಟ ಓದಿ ತಿರುಗಿಸಿದ್ರೆ ಹಿಂದಿನ ಪುಟ ನೆನಪಿರಲ್ಲ. ಈ ವಯಸ್ಸಲ್ಲಿ ತಲೆಗೆ ಹತ್ತತ್ತಾ? ಕೆಲಸ, ಮನೆ, ಓದು ಮೂರೂ ನಿಜವಾಗ್ಲೂ ಸಾಧ್ಯನಾ? ಧೈರ್ಯ ಮಾಡಿ ಅಂತಷ್ಟೇ ಹೇಳ್ಬೇಡಿ, ಅದನ್ನ ಎಲ್ರೂ ಹೇಳಿದಾರೆ. ಹೆಂಗೆ ಅಂತ ಹೇಳಿ.

ಸಂಜೆಕ್ಲಾಸು:

ಮೇಡಂ, ನಾನು 41ಕ್ಕೆ ನರ್ಸಿಂಗ್ ಸೇರಿದವಳು, ಅದಕ್ಕೂ ಮುಂಚೆ ಆಫೀಸಲ್ಲಿ ಟೈಪಿಂಗು ಫೈಲಿಂಗು. ಆಗತ್ತೆ, ಆದ್ರೆ ಮೊದಲು ಗಂಟೆ ಲೆಕ್ಕ ಹಾಕಿ, ನೀವು ಲೆಕ್ಕದವರು, ನಿಮಗೆ ಇದು ಬೇಗ ಅರ್ಥ ಆಗತ್ತೆ. ಕಾಲೇಜಿನ ಓದನ್ನ ಕ್ರೆಡಿಟ್ ಲೆಕ್ಕದಲ್ಲಿ ಅಳೆಯೋ ಯೂರೋಪಿನ ಇಸಿಟಿಎಸ್ ಪದ್ಧತೀಲಿ ಫುಲ್‌ಟೈಮ್ ಒಂದು ವರ್ಷ ಅಂದ್ರೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಕೆಲಸ, ಅಂದ್ರೆ ವರ್ಷಕ್ಕೆ 1500ರಿಂದ 1800 ಗಂಟೆ. ಇದು ಕ್ಲಾಸು, ಓದು, ಅಸೈನ್‌ಮೆಂಟು, ಪರೀಕ್ಷೆ ಎಲ್ಲಾ ಸೇರಿ. ನೀವು ಅರ್ಧ ಲೋಡ್ ತಗೊಂಡು 40 ವಾರಕ್ಕೆ ಹಂಚಿದ್ರೂ ವಾರಕ್ಕೆ ಹತ್ತಿರಹತ್ತಿರ 19ರಿಂದ 22 ಗಂಟೆ ಆಗತ್ತೆ. ನಿಮ್ಮ ಕೋರ್ಸಿನ ಲೆಕ್ಕ ಬೇರೆ ಇರ್ಬೋದು, ಆದ್ರೂ ಒಂದು ಅಂದಾಜು ಸಿಗತ್ತಲ್ಲ. ಈಗ ನಿಮ್ಮ ಒಂದು ವಾರ ತಗೊಂಡು ಆ 20 ಗಂಟೆ ಎಲ್ಲಿಂದ ಬರತ್ತೆ ಅಂತ ಬರೀರಿ. ನಾನು ಮೊದಲ ಸೆಮಿಸ್ಟರಲ್ಲಿ ನಿದ್ದೆಯಿಂದ ತೆಗೆದೆ, ಅದೇ ನಾನು ಮಾಡಿದ ದೊಡ್ಡ ತಪ್ಪು, ಎರಡು ತಿಂಗಳು ಓಡ್ತು ಆಮೇಲೆ ಓದಿದ್ದು ಒಂದಕ್ಷರ ನಿಲ್ತಿರ್ಲಿಲ್ಲ, ಓದಿದ್ದು ಗಟ್ಟಿ ಆಗೋದೇ ನಿದ್ದೇಲಿ ಅಂತ ಗೊತ್ತಾಗಿದ್ದು ಫೇಲಾದ್ಮೇಲೆ.

ಇನ್ನೊಂದು ಮಾತು, ಇದನ್ನ ಯಾರೂ ಮೊದಲೇ ಹೇಳಲ್ಲ. ರೋಗಿಗಳನ್ನ ನೋಡೋ, ಲೈಸೆನ್ಸ್ ಬೇಕಾಗೋ ಇಂಥ ಕೆಲಸಕ್ಕೆ ಕ್ಲಿನಿಕಲ್ ಪ್ರಾಕ್ಟೀಸ್ ಇರತ್ತೆ, ಅದು ಸಂಜೆ ಇರಲ್ಲ. ರೋಗಿಗಳು ಬರೋದು ಹಗಲು ಹೊತ್ತು. ನಿಮ್ಮ ಫೀಲ್ಡಲ್ಲೇ ಉದಾಹರಣೆ ಅಂದ್ರೆ ಅಮೆರಿಕದ ಸ್ಪೀಚ್ ಥೆರಪಿಸ್ಟ್‌ಗಳ ಆಶಾ (ASHA) ಸಂಸ್ಥೆಯ ಸರ್ಟಿಫಿಕೇಟಿಗೆ 400 ಗಂಟೆ ಕ್ಲಿನಿಕಲ್ ಅನುಭವ ಬೇಕು, ಅದ್ರಲ್ಲಿ 25 ಗಂಟೆ ನೋಡೋದು, 375 ಗಂಟೆ ರೋಗಿ ಜೊತೆ ನೇರವಾಗಿ ಕೆಲಸ. ಸಂಜೆ ಕೋರ್ಸ್ ಅಂತ ಸೇರಿ ಕೊನೇ ವರ್ಷ ಹಗಲು ಹೋಗ್ಬೇಕು ಅಂತ ಗೊತ್ತಾಗಿ ಅಲ್ಲೇ ನಿಂತೋದವರನ್ನ ನನ್ನ ಬ್ಯಾಚಲ್ಲೇ ನೋಡಿದೀನಿ, ಮೂರು ವರ್ಷ ಓದಿ ನಿಲ್ಲಿಸೋದು ತುಂಬಾ ನೋವಿನ ವಿಷಯ. ಹಾಗಾಗಿ ಕಾಲೇಜಿಗೆ ಕೇಳ್ಬೇಕಾದ ಮೊದಲ ಪ್ರಶ್ನೆ ಫೀಸ್ ಎಷ್ಟು ಅಂತಲ್ಲ. ಪ್ರಾಕ್ಟೀಸ್ ಯಾವ ವರ್ಷ, ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಅದನ್ನ ಕೇಳಿ, ಉತ್ತರ ಬರಹದಲ್ಲೇ ತಗೊಳ್ಳಿ. ಈ ಕೋರ್ಸಿಗೆ ಲೈಸೆನ್ಸ್ ಕೊಡೋ ಮಂಡಳಿಯ ಮಾನ್ಯತೆ ಇದೆಯಾ ಅಂತಲೂ ಮಂಡಳಿಯವರ ಹತ್ರಾನೇ ಕೇಳಿ, ಕಾಲೇಜಿನ ಜಾಹೀರಾತು ನಂಬ್ಕೊಂಡು ಕೂರ್ಬೇಡಿ.

ಮೂರನೇಬೆಂಚು:

ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ, ತಪ್ಪು ತಿಳೀಬೇಡಿ. ನಾನು 35ಕ್ಕೆ ಕೆಲಸ ಬಿಟ್ಟು ಕಾನೂನು ಓದೋಕೆ ಹೋದೆ, ಒಂದು ವರ್ಷಕ್ಕೆ ಬಿಟ್ಟೆ. ಓದು ಕಷ್ಟ ಆಗಿ ಅಲ್ಲ, ಮಾರ್ಕ್ಸ್ ಚೆನ್ನಾಗೇ ಬರ್ತಿತ್ತು. ನಂಗೆ ಇಷ್ಟ ಆಗಿದ್ದು ಆ ಕೆಲಸದಲ್ಲಿ ವರ್ಷಕ್ಕೊಂದ್ಸಲ ಬರೋ ದೊಡ್ಡ ದಿನ, ದಿನಾ ಮಾಡೋ ಕೆಲಸ ಅಲ್ಲ, ಅದು ಇಂಟರ್ನ್‌ಶಿಪ್‌ಗೆ ಹೋದ್ಮೇಲೆ ಗೊತ್ತಾಯ್ತು.

ನೀವು ನೋಡಿರೋದು ನಿಮ್ಮಪ್ಪ ಹಾಡಿದ ದಿನ. ಅದು ನಿಜ, ಅದನ್ನ ಕಡಿಮೆ ಮಾಡ್ತಿಲ್ಲ ನಾನು. ಆದ್ರೆ ಆ ಥೆರಪಿಸ್ಟಿನ ಉಳಿದ ದಿನ ಹೆಂಗಿರತ್ತೆ ಅಂತ ನೋಡಿದೀರಾ? ನಮ್ಮ ಮನೇಲೇ ಒಬ್ರು ಇದೇ ಕೆಲಸದಲ್ಲಿದಾರೆ, ಆಸ್ಪತ್ರೇಲಿ ಅವರ ಕೆಲಸದ ದೊಡ್ಡ ಪಾಲು ಮಾತಿಗೆ ಸಂಬಂಧಪಟ್ಟಿದ್ದೇ ಅಲ್ಲ, ನುಂಗೋದಕ್ಕೆ ಸಂಬಂಧಪಟ್ಟಿದ್ದು. ಸ್ಟ್ರೋಕ್ ಆದವರಿಗೆ ನೀರು ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ ಆಗ್ಬೋದು, ಅದನ್ನ ಪರೀಕ್ಷೆ ಮಾಡೋದು, ಎಂಥ ಆಹಾರ ಕೊಡ್ಬೋದು ಅಂತ ಹೇಳೋದು. ಸ್ಕೂಲಲ್ಲಾದ್ರೆ ಚಿಕ್ಕ ಮಕ್ಕಳ ಜೊತೆ "ರ" "ಸ" ತಿದ್ದೋದು ತಿಂಗಳುಗಟ್ಟಲೆ. ತೊದಲು, ದನಿ ಕಟ್ಟೋದು, ತಡವಾಗಿ ಮಾತಾಡೋ ಮಕ್ಕಳು. ಮತ್ತೆ ರಿಪೋರ್ಟು, ಪ್ರತಿಯೊಂದಕ್ಕೂ ರಿಪೋರ್ಟು. ಒಂದು ಅಕ್ಷರದ ಉಚ್ಚಾರ ತಿದ್ದೋಕೆ ಮೂರು ತಿಂಗಳು ಹೋದ್ಮೇಲೆ ಆ ಕುಟುಂಬ ಬರೋದೇ ನಿಲ್ಲಿಸಿಬಿಡತ್ತೆ, ಅಂಥ ದಿನಗಳೂ ಇರತ್ತೆ.

ಇದೆಲ್ಲಾ ನೋಡಿದ್ಮೇಲೂ ಬೇಕು ಅನ್ಸಿದ್ರೆ ಖಂಡಿತ ಹೋಗಿ. ಅದಕ್ಕೆ ಮೊದಲು ಹತ್ತು ದಿನ ರಜೆ ಹಾಕಿ, ಒಪ್ಪಿಗೆ ತಗೊಂಡು ಒಂದು ಕ್ಲಿನಿಕ್ಕಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಕೂತು ನೋಡಿ. ನಿಮ್ಮಪ್ಪ ಹೋಗೋ ಕ್ಲಿನಿಕ್ ಬೇಡ, ಬೇರೆ ಕಡೆ. ಬೇರೆಯವರ ಅಪ್ಪ ಬಂದಾಗ್ಲೂ ನಿಮಗೆ ಅಷ್ಟೇ ಕೂತು ನೋಡ್ಬೇಕು ಅನ್ಸತ್ತಾ, ಅದೇ ಪರೀಕ್ಷೆ. ನಾನು ಇದನ್ನ ಮಾಡಿದ್ರೆ ಒಂದು ವರ್ಷ ಮತ್ತೆ ಉಳಿತಾಯ ಎರಡೂ ಉಳೀತಿತ್ತು.

ಸೀಮೆಸುಣ್ಣ:

ನೆನಪಿನ ವಿಷಯಕ್ಕೆ ಮಾತ್ರ ಉತ್ತರ ಕೊಡ್ತೀನಿ, ಯಾಕಂದ್ರೆ ಹನ್ನೆರಡು ವರ್ಷದಿಂದ ಕೆಲಸ ಮಾಡ್ತಾ ಓದೋರಿಗೇ ಪಾಠ ಮಾಡ್ತಿದೀನಿ, ಮೊದಲ ವಾರ ಎಲ್ರೂ ಇದೇ ಭಯ ಹೇಳ್ತಾರೆ. ವಯಸ್ಸಾದಂತೆ ಹೊಸದನ್ನ ಸಂಸ್ಕರಿಸೋ ವೇಗ ಸ್ವಲ್ಪ ಇಳಿಯತ್ತೆ, ಅದು ಸುಳ್ಳಲ್ಲ. ಆದ್ರೆ ಪದಸಂಪತ್ತು, ವಿಷಯಗಳನ್ನ ಒಂದಕ್ಕೊಂದು ಜೋಡಿಸಿ ಅರ್ಥ ಮಾಡ್ಕೊಳೋದು, ಇವು ನಡುವಯಸ್ಸಲ್ಲೂ ಬೆಳೀತಾನೇ ಇರತ್ತೆ. ಲಂಡನ್ನಿನ ಟ್ಯಾಕ್ಸಿ ಓಡಿಸೋಕೆ ಲೈಸೆನ್ಸ್ ಬೇಕು ಅಂದ್ರೆ ಸುಮಾರು 25,000 ರಸ್ತೆ ನೆನಪಿಟ್ಕೋಬೇಕು, ಮೂರು ನಾಲ್ಕು ವರ್ಷ ಹಿಡಿಯತ್ತೆ, ಓದೋರೆಲ್ಲಾ ದೊಡ್ಡವರು. 2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಓದೋಕೆ ಮೊದಲು ಮತ್ತೆ ಆಮೇಲೆ ಅವರ ಮೆದುಳು ಸ್ಕ್ಯಾನ್ ಮಾಡಿ ನೋಡಿದ್ರು, ಪಾಸಾದವರ ಹಿಪೊಕ್ಯಾಂಪಸ್, ಅಂದ್ರೆ ನೆನಪಿಗೆ ಸಂಬಂಧಪಟ್ಟ ಮೆದುಳಿನ ಭಾಗ, ಅದರ ಹಿಂಭಾಗ ಬೆಳೆದಿತ್ತು. ದೊಡ್ಡವರ ಮೆದುಳು ಕಲಿಕೆಗೆ ಬದಲಾಗತ್ತೆ ಅನ್ನೋದಕ್ಕೆ ನಾನು ಕ್ಲಾಸಲ್ಲಿ ಹೇಳೋ ಉದಾಹರಣೆ ಇದೇ.

ನಿಮ್ಮ ತೊಂದರೆ ವಯಸ್ಸಲ್ಲ, ಓದೋ ರೀತಿ ಅಂತ ನನ್ನ ಅನಿಸಿಕೆ. ಪುಟ ಓದೋದು, ಗೆರೆ ಎಳೆಯೋದು, ಮತ್ತೆ ಅದೇ ಪುಟ ಓದೋದು, ಎಲ್ರೂ ಮಾಡೋದು ಅದನ್ನೇ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನೋ ಸಂಶೋಧಕರು ಒಂದು ಗುಂಪಿಗೆ ಪಾಠ ಮತ್ತೆ ಮತ್ತೆ ಓದೋಕೆ ಹೇಳಿದ್ರು, ಇನ್ನೊಂದಕ್ಕೆ ಒಂದ್ಸಲ ಓದಿ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯೋಕೆ ಹೇಳಿದ್ರು. ಐದು ನಿಮಿಷ ಆದ್ಮೇಲೆ ಕೇಳಿದ್ರೆ ಓದಿದವರೇ ಮುಂದೆ, ಆದ್ರೆ ಒಂದು ವಾರ ಆದ್ಮೇಲೆ ಕೇಳಿದಾಗ ಮುಚ್ಚಿ ಬರೆದವರು ಸ್ಪಷ್ಟವಾಗಿ ಮುಂದಿದ್ರು. ಹಾಗಾಗಿ ಪುಟ ಮುಗಿದ ತಕ್ಷಣ ಪುಸ್ತಕ ಮುಚ್ಚಿ, ಖಾಲಿ ಹಾಳೆ ಮೇಲೆ ಬರೀರಿ. ಮೊದಲ ಹದಿನೈದು ದಿನ ತುಂಬಾ ಕಷ್ಟ ಆಗತ್ತೆ, ಏನೂ ಬರ್ತಿಲ್ಲ ಅಂತ ಅಳು ಬರತ್ತೆ, ಆ ಕಷ್ಟವೇ ಕಲಿಕೆ, ಅಲ್ಲಿ ನಿಲ್ಲಿಸ್ಬೇಡಿ. ಮಾರನೇ ದಿನ, ಮೂರು ದಿನ ಬಿಟ್ಟು, ಒಂದು ವಾರ ಬಿಟ್ಟು ಮತ್ತೆ ಕೇಳ್ಕೊಳ್ಳಿ. ಅನಾಟಮಿಗೆ ಕಾರ್ಡ್ ಮಾಡಿ, ಒಂದು ಕಡೆ ಚಿತ್ರ, ಹಿಂದೆ ಹೆಸರು. ಪ್ರಯಾಣದಲ್ಲಿ ಇಪ್ಪತ್ತು ನಿಮಿಷ ಸಿಕ್ರೂ ಕಾರ್ಡಿಗೆ ಸಾಕು, ಆದ್ರೆ ಹೊಸ ಅಧ್ಯಾಯಕ್ಕೆ ಅಲ್ಲ, ಅದಕ್ಕೆ ಒಂದೂವರೆ ಗಂಟೆ ಒಟ್ಟಿಗೆ ಬೇಕು.

ಮನೆಕಡೆಯಿಂದ:

ನಾನು ಓದಿದವನಲ್ಲ, ನನ್ನ ಹೆಂಡತಿ ಕೆಲಸ ಮಾಡ್ತಾ ನಾಲ್ಕು ವರ್ಷ ಓದಿದ್ಲು, ನಾನು ಮನೇಲಿ ಇದ್ದವನು. ಈ ಕಡೆಯ ಮಾತು ಯಾರೂ ಬರೆಯಲ್ಲ ಅಂತ ಬರೀತಿದೀನಿ. "ಹೆಂಗಿದ್ರೂ 43 ಆಗೇ ಆಗತ್ತೆ, ಡಿಗ್ರಿ ಜೊತೆ ಆಗ್ಲಿ" ಅಂತ ಎಲ್ರೂ ಹೇಳ್ತಾರೆ, ನಂಗೆ ಆ ಮಾತು ಅಷ್ಟು ಹಿಡಿಸಲ್ಲ, ಯಾಕಂದ್ರೆ ಆ ಐದು ವರ್ಷದಲ್ಲಿ ಮಕ್ಕಳೂ ಐದು ವರ್ಷ ದೊಡ್ಡವರಾಗ್ತಾರೆ, ನಿಮ್ಮಪ್ಪಂಗೂ ಐದು ವರ್ಷ ಆಗತ್ತೆ, ಅದೂ ಲೆಕ್ಕಕ್ಕೆ ಬರ್ಬೇಕಲ್ವಾ. ಬೇಡ ಅಂತಲ್ಲ, ಮನೆಯವರ ಜೊತೆ ಕೂತು ಆ ಲೆಕ್ಕ ಬಾಯಿಬಿಟ್ಟು ಆಡಿ ಅಂತ.

ನಮ್ಮಲ್ಲಿ ಮೊದಲ ವರ್ಷ ದಿನಾ ಜಗಳ. ಅವಳು ಓದ್ತಿದ್ದಾಳೆ ಅನ್ನೋದು ತೊಂದರೆ ಆಗಿರ್ಲಿಲ್ಲ, ಯಾವಾಗ ಓದ್ತಾಳೆ ಯಾವಾಗ ಸಿಗ್ತಾಳೆ ಅನ್ನೋದು ಗೊತ್ತಿರ್ಲಿಲ್ಲ, ಪುಸ್ತಕ ಹಿಡಿದಾಗೆಲ್ಲಾ ಮಕ್ಕಳು ಹೋಗಿ ಕೂಗೋರು, ಪುಸ್ತಕ ಇಟ್ಟಾಗ ಅವಳಿಗೆ ಓದಿಲ್ಲ ಅನ್ನೋ ತಳಮಳ, ಎರಡು ಕಡೆನೂ ಇಲ್ಲ. ಎರಡನೇ ವರ್ಷ ಗೋಡೆ ಮೇಲೆ ವಾರದ ಚಾರ್ಟ್ ಹಾಕಿದ್ವಿ, ಮೂರು ಸಂಜೆ ಮತ್ತೆ ಶನಿವಾರ ಬೆಳಗ್ಗೆ ಓದು, ಆಗ ಬಾಗಿಲು ಹಾಕಿರತ್ತೆ, ಭಾನುವಾರ ಮಧ್ಯಾಹ್ನದ ಮೇಲೆ ಪರೀಕ್ಷೆ ಇದ್ರೂ ಪುಸ್ತಕ ಮುಟ್ಟಂಗಿಲ್ಲ. ಚಿಕ್ಕ ಮಗ ದಿನಾ ಚಾರ್ಟ್ ನೋಡಿ "ಇವತ್ತು ಅಮ್ಮ ನಮ್ಮವಳು" ಅಂತಿದ್ದ. ನಿಮ್ಮ ಯಜಮಾನ್ರಿಗೆ ಸಹಾಯ ಮಾಡಿ ಅಂತ ಹೇಳ್ಬೇಡಿ, ಯಾವ ಕೆಲಸ ಪೂರ್ತಿ ಅವರದ್ದು ಅಂತ ಬಿಟ್ಟುಕೊಡಿ, ಆಮೇಲೆ ಅದನ್ನ ತಿದ್ದೋಕೆ ಹೋಗ್ಬೇಡಿ. ಅಪ್ಪನ ಥೆರಪಿಗೆ ಯಾರು ಕರ್ಕೊಂಡು ಹೋಗ್ತಾರೆ ಅನ್ನೋದನ್ನ ಮೊದಲು ತೀರ್ಮಾನ ಮಾಡಿ, ನೀವು ಕ್ಲಾಸಲ್ಲಿ ಕೂತು ಅದನ್ನೇ ಯೋಚನೆ ಮಾಡ್ತಿದ್ರೆ ಯಾವ ಪಾಠವೂ ಹತ್ತಲ್ಲ.

ಲೆಕ್ಕದಪುಸ್ತಕ:

ಎಲ್ಲರ ಉತ್ತರಾನೂ ಎರಡೆರಡು ಸಲ ಓದಿದೆ, ತಡ ಆಯ್ತು. ಮೂರು ವಾರದಲ್ಲಿ ಆಗಿದ್ದು ಹೇಳ್ತೀನಿ.

ಕಾಲೇಜಿಗೆ ಬರೆದು ಕೇಳಿದೆ. ಮೊದಲ ಮೂರು ವರ್ಷ ಸಂಜೆ ಓದ್ಬೋದು, ಕೊನೇ ವರ್ಷ ವಾರಕ್ಕೆ ನಾಲ್ಕು ದಿನ ಹಗಲು ಕ್ಲಿನಿಕ್, ಅದಕ್ಕೆ ಬೇರೆ ದಾರಿ ಇಲ್ಲ ಅಂದ್ರು. @ಸಂಜೆಕ್ಲಾಸು ನೀವು ಹೇಳದಿದ್ರೆ ಇದು ನಂಗೆ ಮೂರನೇ ವರ್ಷ ಗೊತ್ತಾಗ್ತಿತ್ತು. ಈಗ ಆ ಒಂದು ವರ್ಷದ ಮನೆ ಖರ್ಚನ್ನ ಮೊದಲೇ ಕೂಡಿಡ್ಬೇಕು, ಹಾಗಾಗಿ ಸೇರೋದನ್ನ ಒಂದು ವರ್ಷ ಮುಂದೆ ಹಾಕಿದೀನಿ. ಮೊದಲು ಬೇಜಾರಾಯ್ತು, ಇನ್ನೂ ಒಂದು ವರ್ಷ ತಡ ಆಗತ್ತಲ್ಲ ಅಂತ. ಲೆಕ್ಕ ಪೂರ್ತಿ ಹಾಳೆ ಮೇಲೆ ಬಂದ್ಮೇಲೆ ರಾತ್ರಿ ನಿದ್ದೆ ಚೆನ್ನಾಗಿ ಬಂತು.

@ಮೂರನೇಬೆಂಚು ಹತ್ತು ದಿನ ಆಗ್ಲಿಲ್ಲ, ಆರು ದಿನ ಕೂತೆ. ನೀವು ಹೇಳಿದ್ದು ನಿಜ, ನುಂಗೋ ಪರೀಕ್ಷೆಗಳೇ ಜಾಸ್ತಿ, ರಿಪೋರ್ಟು ಅಂತೂ ಮುಗಿಯೋದೇ ಇಲ್ಲ. ನಾಲ್ಕನೇ ದಿನ ಒಬ್ಬ ಹುಡುಗ ಬಂದ, ನಾಲ್ಕು ವರ್ಷ ಇರ್ಬೋದು, ನಲವತ್ತು ನಿಮಿಷ ಕೂತು "ಕ" ಅನ್ನೋದು ಒಂದೇ ಒಂದ್ಸಲ ಸರಿಯಾಗಿ ಬಂತು. ನಾನು ಗಡಿಯಾರ ನೋಡಿರ್ಲಿಲ್ಲ. ಅವತ್ತು ಅಪ್ಪನ ನೆನಪು ಕೂಡ ಬಂದಿರ್ಲಿಲ್ಲ ಅಂತ ಮನೆಗೆ ಬಂದ್ಮೇಲೆ ಹೊಳೀತು.

ಈ ವರ್ಷ ಸುಮ್ನೆ ಕೂರಲ್ಲ, ಅನಾಟಮಿ ಒಂದೇ ಸಬ್ಜೆಕ್ಟ್ ಬಿಡಿಯಾಗಿ ತಗೊಂಡಿದೀನಿ. ಕಾರ್ಡ್ ಮಾಡ್ತಿದೀನಿ. ಮನೆಯವರು ಥೆರಪಿ ದಿನಗಳನ್ನ ತಮ್ಮದು ಅಂತ ತಗೊಂಡಿದಾರೆ, ಚಾರ್ಟೂ ಗೋಡೆ ಮೇಲಿದೆ. ರಾತ್ರಿ ಹೊತ್ತು ಕಾರ್ಡ್ ಹಿಡ್ಕೊಳೋದು ಅಪ್ಪ. ಚಿತ್ರದ ಕಡೆ ನಂಗೆ ತೋರಿಸ್ತಾರೆ, ಹಿಂದಿನ ಹೆಸರು ತಾವು ನಿಧಾನಕ್ಕೆ ನೋಡ್ಕೋತಾರೆ, ನಾನು ತಪ್ಪು ಹೇಳಿದ್ರೆ ಎಡಗೈ ಎತ್ತಿ ನಿಲ್ಲಿಸ್ತಾರೆ. ನಿನ್ನೆ ಹನ್ನೊಂದು ಸಲ ಎತ್ತಿದ್ರು, ಇವತ್ತು ಏಳು.

ಮುಂದಿನ ಸಬ್ಜೆಕ್ಟ್ ಫೋನೆಟಿಕ್ಸ್, ಅಂದ್ರೆ ಮಾತಿನ ಧ್ವನಿಗಳ ಪಾಠ, ತಗೊಳ್ಳೋಣ ಅಂತಿದೀನಿ. ಮಾತನ್ನ ಕಿವಿಯಿಂದ ಕೇಳಿ ಧ್ವನಿ ಲಿಪೀಲಿ (ಒಂದೊಂದು ಧ್ವನಿಗೂ ಒಂದು ಗುರುತು) ಬರೆಯೋದನ್ನ ಒಬ್ಬರೇ ಅಭ್ಯಾಸ ಮಾಡಿದವರು ಇದ್ರೆ ಹೆಂಗೆ ಮಾಡಿದ್ರಿ ಅಂತ ತಿಳಿಸಿ.