ಖಾಲಿ ಬಿಟ್ಟರೆ 15 ಬರಬೇಕು, 0 ಬರ್ತಿದೆ. ಯಾಕೆ?

ಪ್ರಶ್ನೆ (ಕೋಲಾರದಿಂದ):
ಮೇಡಂ, ನಮಸ್ತೆ. ನಮ್ಮ ಮಾವನದು ಟೊಮೆಟೊ ಮಂಡಿ. ಅವರಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಫಾರ್ಮ್ ಮಾಡಿಕೊಡುತ್ತಿದ್ದೇನೆ. ಎಷ್ಟು ಬಾಕ್ಸ್, ಒಂದು ಬಾಕ್ಸ್ ಎಷ್ಟು ಕೆಜಿ ಅಂತ ತುಂಬಿದರೆ ಒಟ್ಟು ತೂಕ ಬರಬೇಕು. ಇಲ್ಲಿ ಜಾಸ್ತಿ 15 ಕೆಜಿ ಬಾಕ್ಸೇ ಓಡುವುದು. ಅದಕ್ಕೇ ಫಂಕ್ಷನ್‌ನಲ್ಲಿ ‘ತೂಕ = 15’ ಅಂತ ಡೀಫಾಲ್ಟ್ (ಏನೂ ಕೊಡದಿದ್ದರೆ ತಾನಾಗಿ ಹಿಡಿಯುವ ಸಂಖ್ಯೆ) ಕೊಟ್ಟಿದ್ದೇನೆ. ಬ್ರೌಸರ್‌ನಲ್ಲಿ ಕೋಡ್ ಓಡಿಸಿ ನೋಡುವ ಕನ್ಸೋಲ್‌ನಲ್ಲಿ 40 ಬಾಕ್ಸ್ ಅಂತ ಮಾತ್ರ ಕೊಟ್ಟರೆ 600 ಬರುತ್ತೆ. ಫಾರ್ಮ್‌ನಲ್ಲಿ ತೂಕದ ಜಾಗ ಖಾಲಿ ಬಿಟ್ಟರೆ 0 ಬರುತ್ತೆ. ಎರಡು ದಿನದಿಂದ ಒದ್ದಾಡುತ್ತಿದ್ದೇನೆ.

ಉತ್ತರ (ವೆಬ್ ಡೆವಲಪರ್):
ಕನ್ಸೋಲ್‌ನಲ್ಲೂ ಓಡಿಸಿ ನೋಡಿದ್ದು ಒಳ್ಳೆಯದಾಯಿತು. ಅಲ್ಲಿ ನೀವು ತೂಕವನ್ನು ಕೊಡಲೇ ಇಲ್ಲ, ಹಾಗಾಗಿ ಅದು ಅನ್‌ಡಿಫೈನ್ಡ್, ಅಂದರೆ ಯಾವ ವ್ಯಾಲ್ಯೂವೂ ಸಿಕ್ಕಿಲ್ಲ ಅಂತ. 2015ರಲ್ಲಿ ಜಾವಾಸ್ಕ್ರಿಪ್ಟ್‌ನ ಇಎಸ್ 6 ಆವೃತ್ತಿಯ ಜೊತೆ ಬಂದ ಈ ಡೀಫಾಲ್ಟ್, ಅನ್‌ಡಿಫೈನ್ಡ್ ಇದ್ದಾಗ ಮಾತ್ರ ಕೆಲಸ ಮಾಡುತ್ತೆ. ನಲ್ (ಏನೂ ಇಲ್ಲ ಅಂತ ಬೇಕೆಂದೇ ಕೊಡುವ ವ್ಯಾಲ್ಯೂ), 0, ಖಾಲಿ ಸ್ಟ್ರಿಂಗ್ (ಒಂದು ಅಕ್ಷರವೂ ಇಲ್ಲದ ಪಠ್ಯ) ಏನೇ ಬಂದರೂ ಅದನ್ನೇ ಇಟ್ಟುಕೊಳ್ಳುತ್ತೆ.

ಫಾರ್ಮ್‌ನ ಖಾಲಿ ಜಾಗದಿಂದ ಬರುವುದು ಖಾಲಿ ಸ್ಟ್ರಿಂಗ್. ಇನ್‌ಪುಟ್ ಟೈಪ್ ನಂಬರ್ ಅಂತ ಹಾಕಿದ್ದರೂ ವ್ಯಾಲ್ಯೂ ಸ್ಟ್ರಿಂಗೇ. ಅದನ್ನು 40ರಿಂದ ಗುಣಿಸಿದರೆ ಜಾವಾಸ್ಕ್ರಿಪ್ಟ್ 0 ಅಂದುಕೊಳ್ಳುತ್ತೆ, ಎರರ್ ಕೂಡ ತೋರಿಸಲ್ಲ. ರೈತರ ಚೀಟಿಗೆ ಹೋಗುವ ಲೆಕ್ಕದಲ್ಲಿ ಇಂಥ ಸದ್ದಿಲ್ಲದ ತಪ್ಪಿಗೆ ನಾನು ತುಂಬಾ ಹೆದರುತ್ತೇನೆ.

ಫಂಕ್ಷನ್ ಕರೆಯುವ ಮೊದಲು ವ್ಯಾಲ್ಯೂವನ್ನು ಟ್ರಿಮ್ ಮಾಡಿ, ಅಂದರೆ ಹಿಂದೆಮುಂದೆ ಇರುವ ಸ್ಪೇಸ್ ತೆಗೆಯಿರಿ. ಖಾಲಿ ಇದ್ದರೆ ಅನ್‌ಡಿಫೈನ್ಡ್ ಕಳಿಸಿ, ಇಲ್ಲದಿದ್ದರೆ ನಂಬರ್ ಮಾಡಿ ಕಳಿಸಿ.

ಇನ್ನೊಬ್ಬ ಸದಸ್ಯರು:
ಅಷ್ಟೆಲ್ಲ ಯಾಕೆ ಮೇಡಂ? ಸುಮ್ನೆ || ಹಾಕಿ 15 ಬರೆದರೆ ಸಾಕಲ್ವಾ?

ಉತ್ತರ:
ಎಡಗಡೆ 0 ಅಥವಾ ಖಾಲಿ ಸ್ಟ್ರಿಂಗ್ ಥರದ್ದು ಇದ್ದರೆ || ಬಲಗಡೆಯದನ್ನು ತೆಗೆದುಕೊಳ್ಳುತ್ತೆ. ತೂಕಕ್ಕೆ ಸಾಕು, 0 ಕೆಜಿ ಬಾಕ್ಸ್ ಯಾರೂ ತರಲ್ಲ. ಫಾರ್ಮ್‌ನಲ್ಲಿ ಹಮಾಲಿ, ಅಂದರೆ ಬಾಕ್ಸ್ ಇಳಿಸುವ ಕೂಲಿ, ಇದ್ದು ಅದಕ್ಕೂ ಹಾಗೇ ಮಾಡಿದರೆ ಕಷ್ಟ. ರೈತರೇ ಬಾಕ್ಸ್ ಇಳಿಸಿದರು, ಮಾವ ಹಮಾಲಿ 0 ಅಂತ ಹೊಡೆದರು ಅನ್ನಿ. ನಂಬರ್ ಮಾಡಿದ ಮೇಲೆ || ಹಾಕಿದ್ದರೆ ಆ 0 ಹೋಗಿ ಡೀಫಾಲ್ಟ್ ಕೂಲಿ ಬಂದು ಕೂರುತ್ತೆ. ರೈತರ ದುಡ್ಡಲ್ಲಿ ಸುಮ್ಮಸುಮ್ಮನೆ ಕಡಿತ! ನಲ್, ಅನ್‌ಡಿಫೈನ್ಡ್ ಇದ್ದಾಗ ಮಾತ್ರ ಬಲಗಡೆಯದನ್ನು ತೆಗೆದುಕೊಳ್ಳುವ ?? ಹಾಕಿದರೆ 0 ಉಳಿಯುತ್ತೆ ನಿಜ, ಆದರೆ ಖಾಲಿ ಸ್ಟ್ರಿಂಗೂ ಹಾಗೇ ಉಳಿಯುತ್ತೆ. ಖಾಲಿ ಇದೆಯಾ ಅಂತ ನೇರವಾಗಿ ನೋಡುವುದೇ ವಾಸಿ.

ಪ್ರಶ್ನೆ ಕೇಳಿದವರು:
ತೂಕ, ಹಮಾಲಿ ಎರಡೂ ಸರಿಹೋಯಿತು. ಇನ್ನೊಂದು ಕೇಳಲಾ? ‘ಸಾಲು ಸೇರಿಸು’ ಬಟನ್‌ನ ಫಂಕ್ಷನ್‌ಗೆ ‘ಎಷ್ಟು = 1’ ಅಂತ ಕೊಟ್ಟಿದ್ದೇನೆ. ಅಷ್ಟು ಸಲ ಲೂಪ್ ಓಡಬೇಕು. ಬಟನ್ ಒತ್ತಿದರೆ ಒಂದು ಸಾಲೂ ಬರಲ್ಲ.

ಉತ್ತರ:
ಫಂಕ್ಷನ್ ಹೆಸರನ್ನು ನೇರವಾಗಿ ಕ್ಲಿಕ್ ಲಿಸನರ್‌ಗೆ (ಬಟನ್ ಒತ್ತಿದಾಗ ಏನು ಓಡಬೇಕು ಅಂತ ಹೇಳುವ ಜಾಗಕ್ಕೆ) ಕೊಟ್ಟಿದ್ದೀರಿ, ಅಲ್ವಾ? ಬ್ರೌಸರ್ ಅದನ್ನು ಕರೆಯುವಾಗ ಮೊದಲ ಆರ್ಗ್ಯುಮೆಂಟ್ (ಕಂಸದೊಳಗೆ ಕೊಡುವ ವ್ಯಾಲ್ಯೂ) ಆಗಿ ಆ ಕ್ಲಿಕ್‌ನ ವಿವರ ಇರುವ ಇವೆಂಟ್ ಆಬ್ಜೆಕ್ಟ್ ಕಳಿಸುತ್ತೆ. ಹಾಗಾಗಿ ‘ಎಷ್ಟು’ ಅನ್ನುವಲ್ಲಿ 1ರ ಬದಲು ಆ ಆಬ್ಜೆಕ್ಟ್ ಕೂತಿದೆ. ಲೂಪ್ ಅದನ್ನು ಸಂಖ್ಯೆಯ ಜೊತೆ ಹೋಲಿಸಿದಾಗ ಮೊದಲ ಸಲವೇ ಫಾಲ್ಸ್, ಒಳಗೆ ಹೋಗುವುದೇ ಇಲ್ಲ. ಲಿಸನರ್‌ಗೆ ಒಂದು ಆ್ಯರೋ ಫಂಕ್ಷನ್ (=> ಹಾಕಿ ಬರೆಯುವ ಚಿಕ್ಕ ಫಂಕ್ಷನ್) ಕೊಡಿ. ಅದರೊಳಗೆ ನಿಮ್ಮ ಫಂಕ್ಷನ್ ಅನ್ನು ಖಾಲಿ ಕಂಸ ಹಾಕಿ ಕರೆಯಿರಿ. ಆಗ 1 ತಾನಾಗಿಯೇ ಬರುತ್ತೆ.